ಕುಳಿ ಬಿದ್ದ ಕುಷನ್ನಿನ ಲೆಕ್ಕ

ನಡುಮನೆಯ ಮೂರು ಸೀಟಿನ ಸೋಫಾದಲ್ಲಿ ಒಂದು ಸೀಟು ಸದಾ ಮನೆಯವರಿಗೇ ಮೀಸಲು. ನೆಂಟರು ಅದರ ಮೇಲೆ ಕೂರಲು ಹೊರಟರೆ ‘ಅಲ್ಲಿ ಬೇಡಿ, ಈ ಕಡೆ ಬನ್ನಿ’ ಎಂದು ಮನೆಯಾಕೆ ತಡೆಯುತ್ತಾರೆ. ಕಾರಣ ಇಷ್ಟೆ: ಅಲ್ಲಿ ಯಾರೂ ಕೂರುವುದಿಲ್ಲ, ಇಳಿಯುತ್ತಾರೆ. ಮೊಣಕಾಲು ಎದೆಯ ಹತ್ತಿರಕ್ಕೆ ಬರುತ್ತದೆ. ಕೈಯಲ್ಲಿ ಕಾಫಿ ಲೋಟವಿದ್ದರಂತೂ ಏಳಲು ಇನ್ನೊಬ್ಬರು ಕೈ ಕೊಡಬೇಕು.

ನೆಂಟರಿಗೆ ಒಳ್ಳೆಯ ಸೀಟು, ಅಪ್ಪನಿಗೆ ಟೀವಿ ಎದುರಿನ ಸೀಟು. ಉಳಿದ ಆ ಕುಳಿ ಬಿದ್ದ ಮೂಲೆ ಯಾರ ಪಾಲು? ಅನೇಕ ಮನೆಗಳಲ್ಲಿ ಅದು ಓದುವ ಹುಡುಗ ಅಥವಾ ಹುಡುಗಿಯದು. ಶಾಲೆಯಿಂದ ಬಂದು ಬ್ಯಾಗು ಒಗೆದು ಅಲ್ಲೇ ಒರಗುವುದು, ಅಲ್ಲೇ ಹೋಂವರ್ಕ್, ಅಲ್ಲೇ ಮೊಬೈಲು. ಪರೀಕ್ಷೆ ಹತ್ತಿರ ಬಂತೆಂದರೆ ರಾತ್ರಿ ಹತ್ತರವರೆಗೆ ಅಲ್ಲೇ ಪಠ್ಯಪುಸ್ತಕ. ‘ಬೆನ್ನು ನೋವು’ ಎಂದು ಗೊಣಗಿದರೆ ‘ನೆಟ್ಟಗೆ ಕೂತ್ಕೋ’ ಎಂಬ ಉತ್ತರ ಸಿದ್ಧ. ಆದರೆ ನೆಟ್ಟಗೆ ಕೂರಲು ಆ ಸೀಟು ಬಿಡಬೇಕಲ್ಲ!

ವಿದ್ಯಾರ್ಥಿಗಳು ಓದುವ ಪುಟದಲ್ಲಿ ಸೋಫಾ ರಿಪೇರಿಗೇನು ಕೆಲಸ ಎಂದು ಹುಬ್ಬೇರಿಸಬೇಡಿ. ಈ ಒಂದು ಕುಷನ್ನಿನಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಇದೆ. ಅಪ್ಪ-ಅಮ್ಮನ ತಿಂಗಳ ಬಜೆಟ್ಟೂ ಇದೆ. ಕುಳಿ ಬಿದ್ದ ಸೋಫಾವನ್ನು ಮಾರಿ ಹೊಸದು ಕೊಳ್ಳುವ ಮೊದಲು, ಅದರಲ್ಲಿ ಸೋತದ್ದು ಯಾವುದು ಎಂದು ತಿಳಿದುಕೊಂಡರೆ ಎಷ್ಟೋ ಸಾವಿರ ರೂಪಾಯಿ ಉಳಿಯಬಹುದು. ತಿಳಿಯದೆ ಕೊಂಡರೆ ಹೊಸ ಸೋಫಾವೂ ಕೆಲವೇ ವರ್ಷಗಳಲ್ಲಿ ಹಳೆಯದರ ದಾರಿ ಹಿಡಿಯಬಹುದು.

ತಪ್ಪು ಯಾರದು?

ಸೋಫಾ ಎಂಬುದು ಮೂರು ಅಂತಸ್ತಿನ ಕಟ್ಟಡ. ಕೆಳಗೆ ಮರದ ಅಥವಾ ಕಬ್ಬಿಣದ ಚೌಕಟ್ಟು. ಅದರ ಮೇಲೆ ಭಾರ ಹೊರುವ ಹಾಸು: ಹಾವಿನಂತೆ ಅಂಕುಡೊಂಕಾಗಿ ಬಾಗಿಸಿದ ಸ್ಪ್ರಿಂಗುಗಳು, ಇಲ್ಲವೇ ಅಡ್ಡಡ್ಡ ಉದ್ದುದ್ದ ಹೆಣೆದ ಪಟ್ಟಿಗಳು, ಕೆಲವದರಲ್ಲಿ ಬರೀ ಪ್ಲೈವುಡ್ ಹಲಗೆ. ಎಲ್ಲಕ್ಕಿಂತ ಮೇಲೆ ಕುಷನ್. ಸೀಟು ತಗ್ಗಾಗುವುದು ಈ ಮೂರರಲ್ಲಿ ಯಾವುದರಿಂದಲಾದರೂ ಇರಬಹುದು. ಆದರೆ ನಮ್ಮ ಕಣ್ಣಿಗೆ ಬೀಳುವುದು ಮೇಲಿನದು ಮಾತ್ರ. ಹಾಗಾಗಿ ದೂರೆಲ್ಲ ಕುಷನ್ನಿನ ತಲೆಗೆ. ಹೊಸ ಕುಷನ್ ಹಾಕಿಸಿ ಹದಿನೈದು ದಿನಕ್ಕೆ ಮತ್ತೆ ಅದೇ ಕುಳಿ ಬಿದ್ದಾಗ ‘ಅಂಗಡಿಯವನು ಮೋಸ ಮಾಡಿದ’ ಎನ್ನುತ್ತೇವೆ. ಅಲ್ಲಿ ಕೆಳಗೆ ಸ್ಪ್ರಿಂಗು ಕೊಂಡಿಯಿಂದ ಕಳಚಿ ಜೋತಾಡುತ್ತಿರುತ್ತದೆ.

ಕಳ್ಳನನ್ನು ಹಿಡಿಯಲು ಎರಡು ಸುಲಭ ಪರೀಕ್ಷೆಗಳಿವೆ. ಮೊದಲನೆಯದು: ಕುಷನ್ನನ್ನು ಎತ್ತಿ ಸಮತಟ್ಟಾದ ನೆಲದ ಮೇಲಿಡಿ. ನೆಲದ ಮೇಲೂ ನಡುವೆ ತಗ್ಗು ಕಂಡರೆ, ಅಥವಾ ಅದರ ಮೇಲೆ ಕೂತಾಗ ಅಡಿಯ ನೆಲ ಮೂಳೆಗೆ ತಗುಲಿದರೆ, ಸೋತದ್ದು ಕುಷನ್. ನೆಲದ ಮೇಲೆ ಚೆನ್ನಾಗಿಯೇ ಇದ್ದು, ಸೋಫಾದ ಮೇಲಿಟ್ಟಾಗ ಮಾತ್ರ ಮುಳುಗಿದರೆ ತಪ್ಪು ಕೆಳಗಿನ ಅಂತಸ್ತಿನದು.

ಎರಡನೆಯದು: ಮೂಲೆಯ ಕುಷನ್ನನ್ನು ನಡುವಿನ ಸೀಟಿಗೂ, ನಡುವಿನದನ್ನು ಮೂಲೆಗೂ ಹಾಕಿ ಕೂತು ನೋಡಿ. ಕುಳಿ ಕುಷನ್ನಿನ ಜತೆ ಹೋಯಿತೇ, ಇದ್ದಲ್ಲೇ ಉಳಿಯಿತೇ? ಜತೆಗೆ ಹೋದರೆ ಕುಷನ್ನಿನದೇ ದೋಷ. ಅಲ್ಲೇ ಉಳಿದರೆ ಹಾಸಿನದು. ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಇದು: ಬೇರೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು. ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ.

ಕುಷನ್ನು ಸೀಟಿಗೇ ಹೊಲಿದುಬಿಟ್ಟ ಸೋಫಾ ಆದರೆ ಇಬ್ಬರು ಹಿಡಿದು ಅದನ್ನು ನಿಧಾನವಾಗಿ ಬೋರಲು ಹಾಕಬೇಕು. ತಳದ ತೆಳು ಬಟ್ಟೆಯನ್ನು ಒಂದು ಕಡೆ ಬಿಚ್ಚಿ ಟಾರ್ಚ್ ಹಿಡಿದರೆ ಒಳಗಿನ ಪಟ್ಟಿ, ಸ್ಪ್ರಿಂಗು, ಅಡ್ಡಪಟ್ಟಿ ಎಲ್ಲ ಕಾಣುತ್ತವೆ. ತುಕ್ಕು ಹಿಡಿದ ಮೊಳೆ, ಪಿನ್ನುಗಳಿರುವುದರಿಂದ ಈ ಕೆಲಸ ದೊಡ್ಡವರ ಜತೆಯಲ್ಲೇ ಆಗಬೇಕು. ಮರದಿಂದ ಸಣ್ಣ ಪುಡಿ ಉದುರುತ್ತಿದ್ದರೆ, ಮಣ್ಣಿನ ಗೆರೆ ಕಂಡರೆ, ಅಲ್ಲಿ ಹುಳುವೋ ಗೆದ್ದಲೋ ಸೇರಿದೆ ಎಂದರ್ಥ. ಆಗ ಮೊದಲು ಬಡಗಿಯನ್ನು ಕರೆಯಬೇಕೇ ಹೊರತು ಕುಷನ್ ಅಂಗಡಿಯವರನ್ನಲ್ಲ.

ಮೂವತ್ತೈದು ಲೀಟರ್ ಗಾಳಿ

ಈಗ ಕುಷನ್ನಿನ ಒಳಕ್ಕೆ ಹೋಗೋಣ. ನಾವು ಮನೆಯಲ್ಲಿ ‘ಸ್ಪಂಜು’ ಎನ್ನುವ, ಅಂಗಡಿಯವರು ‘ಫೋಮ್’ ಎನ್ನುವ ವಸ್ತು ಬಹುಪಾಲು ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್. ಜರ್ಮನಿಯ ಒಟ್ಟೋ ಬೇಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಇದರ ರಸಾಯನಶಾಸ್ತ್ರವನ್ನು ಕಂಡುಹಿಡಿದರು. ಮೆತ್ತನೆಯ ಫೋಮ್ ಆಗಿ ಅದು ಪೇಟೆಗೆ ಬಂದದ್ದು 1950ರ ದಶಕದಲ್ಲಿ. ಅದಕ್ಕೂ ಮುಂಚೆ ರಬ್ಬರ್ ಮರದ ಹಾಲನ್ನು ನೊರೆ ಬರುವಂತೆ ಕಡೆದು ಮಾಡಿದ ಫೋಮ್ ಇತ್ತು. ಇಂಗ್ಲೆಂಡಿನ ಡನ್‌ಲಪ್ ಕಂಪನಿ 1929ರಲ್ಲಿ ಆ ವಿಧಾನವನ್ನು ರೂಪಿಸಿತು. ನಮ್ಮಲ್ಲಿ ಹಳಬರು ಯಾವ ಕಂಪನಿಯ ಸ್ಪಂಜು ಹಾಸಿಗೆಯನ್ನು ಕಂಡರೂ ‘ಡನ್‌ಲಪ್ ಹಾಸಿಗೆ’ ಎನ್ನುತ್ತಿದ್ದುದು ಇದೇ ಕಾರಣಕ್ಕೆ.

ಪಾಲಿಯುರಿಥೇನ್ ಫೋಮ್ ಆಗುವ ಬಗೆ ಇಡ್ಲಿ ಹಿಟ್ಟು ಉಬ್ಬುವ ಬಗೆಯನ್ನು ನೆನಪಿಸುತ್ತದೆ. ಪಾಲಿಯಾಲ್, ಐಸೋಸಯನೇಟ್ ಎಂಬ ಎರಡು ದ್ರವಗಳನ್ನು ಸ್ವಲ್ಪ ನೀರಿನ ಜತೆ ಬೆರೆಸುತ್ತಾರೆ. ಐಸೋಸಯನೇಟ್ ನೀರಿನೊಡನೆ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಆ ಅನಿಲ ಗುಳ್ಳೆಗಳಾಗಿ ಮಿಶ್ರಣವನ್ನು ಉಬ್ಬಿಸುತ್ತದೆ. ಅಷ್ಟರಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಗುಳ್ಳೆಗಳ ನಡುವಿನ ಪೊರೆ ಒಡೆದು, ಒಂದರಿಂದ ಇನ್ನೊಂದಕ್ಕೆ ಗಾಳಿ ಓಡಾಡುವಂತಾಗಿ, ಕೊನೆಗೆ ಉಳಿಯುವುದು ಸಣ್ಣ ಸಣ್ಣ ಕಡ್ಡಿಗಳ ಬಲೆ.

ಆ ಬಲೆಯಲ್ಲಿ ಪ್ಲಾಸ್ಟಿಕ್ ಎಷ್ಟಿರುತ್ತದೆ ಗೊತ್ತೇ? 60 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಕುಷನ್ನನ್ನು ತೆಗೆದುಕೊಳ್ಳಿ. ಗುಣಿಸಿದರೆ 36,000 ಘನ ಸೆಂಟಿಮೀಟರ್, ಅಂದರೆ 36 ಲೀಟರ್. ಇದು ಒಳ್ಳೆಯ ಗುಣಮಟ್ಟದ್ದಾದರೆ ಸುಮಾರು 1 ಕೆ.ಜಿ. 150 ಗ್ರಾಂ ತೂಗುತ್ತದೆ. ಪಾಲಿಯುರಿಥೇನ್ ಪ್ಲಾಸ್ಟಿಕ್ ನೀರಿಗಿಂತ ತುಸುವೇ ಭಾರ. ಆದ್ದರಿಂದ ಅಷ್ಟು ದೊಡ್ಡ ಕುಷನ್ನಿನಲ್ಲಿ ನಿಜವಾದ ಪದಾರ್ಥ ಹೆಚ್ಚು ಕಡಿಮೆ ಒಂದೇ ಒಂದು ಲೀಟರ್. ಮಿಕ್ಕ 35 ಲೀಟರ್ ಗಾಳಿ! ನಾವು ಕೂರುವುದು ಗಾಳಿಯ ಮೇಲೆ. ಆ ಗಾಳಿಗೆ ಜಾಗ ಹಿಡಿದಿಟ್ಟುಕೊಟ್ಟಿರುವುದು ಕೂದಲೆಳೆಯಂಥ ಕಡ್ಡಿಗಳು.

ಕೂತಾಗ ನಡೆಯುವುದು ಮೂರು ಹಂತ. ಮೊದಲು ಕಡ್ಡಿಗಳು ಸ್ವಲ್ಪ ಬಾಗಿ ಎದುರು ಒತ್ತುತ್ತವೆ. ಭಾರ ಹೆಚ್ಚಿದಂತೆ ಅವು ಮಡಚಿಕೊಳ್ಳುತ್ತ ನಮ್ಮನ್ನು ಮೆಲ್ಲಗೆ ಒಳಕ್ಕೆ ಬಿಟ್ಟುಕೊಳ್ಳುತ್ತವೆ. ನಾವು ‘ಹಾಯೆನಿಸುತ್ತದೆ’ ಎನ್ನುವುದು ಈ ಎರಡನೆಯ ಹಂತವನ್ನು. ಇನ್ನೂ ಒತ್ತಿದರೆ ಕಡ್ಡಿಗೆ ಕಡ್ಡಿ ತಾಗಿ, ಗಾಳಿಗೆ ಜಾಗವಿಲ್ಲದೆ, ಫೋಮ್ ಹಲಗೆಯಂತಾಗುತ್ತದೆ. ಹಳೆಯ ಕುಷನ್ ಕೂತ ಕೂಡಲೇ ಮೂರನೆಯ ಹಂತಕ್ಕೆ ಹೋಗಿಬಿಡುತ್ತದೆ. ಮೆತ್ತಗಿದೆ, ಆದರೂ ಚುಚ್ಚುತ್ತದೆ ಎಂಬ ವಿಚಿತ್ರ ದೂರಿನ ಗುಟ್ಟು ಇದು.

ದಣಿವು ಬೇರೆ, ಮುರಿತ ಬೇರೆ

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸ್ಪ್ರಿಂಗುಗಳ ಬಗ್ಗೆ ತಾನು ಕಂಡ ನಿಯಮವನ್ನು 1676ರಲ್ಲಿ ಪ್ರಕಟಿಸಿದ. ಆದರೆ ಬೇರೆಯವರು ಕದಿಯದಂತೆ ಲ್ಯಾಟಿನ್ ವಾಕ್ಯವೊಂದರ ಹದಿನಾಲ್ಕು ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ. ಒಗಟನ್ನು ಬಿಡಿಸಿದ್ದು 1678ರಲ್ಲಿ. ಅದರ ತಾತ್ಪರ್ಯ ಇಷ್ಟು: ಬಲ ಎಷ್ಟೋ ಹಿಗ್ಗುವಿಕೆಯೂ ಅಷ್ಟು, ಬಲ ತೆಗೆದರೆ ವಸ್ತು ಮೊದಲಿನಂತೆ. ಉಕ್ಕಿನ ಸ್ಪ್ರಿಂಗು ತನ್ನ ಮಿತಿಯೊಳಗೆ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಫೋಮ್ ಅಷ್ಟು ವಿಧೇಯ ವಿದ್ಯಾರ್ಥಿಯಲ್ಲ. ಅದರ ಮೇಲೆ ಒಂದೇ ಭಾರ ಬಹಳ ಹೊತ್ತು ಇದ್ದರೆ ಅದು ನಿಧಾನವಾಗಿ ಇನ್ನೂ ಇನ್ನೂ ಕುಗ್ಗುತ್ತದೆ. ಎದ್ದ ಮೇಲೆ ಮೇಲೇಳುತ್ತದೆ, ಆದರೆ ತಕ್ಷಣ ಅಲ್ಲ, ಪೂರ್ತಿಯಾಗಿಯೂ ಅಲ್ಲ.

ರಾತ್ರಿ ಕಳೆದು ಬೆಳಗಾಗುವುದರೊಳಗೆ ಮೇಲೆದ್ದ ಭಾಗ ಬರೀ ದಣಿವು. ಬೆಳಿಗ್ಗೆಯೂ ಮೇಲೇಳದೆ ಉಳಿದದ್ದು ಶಾಶ್ವತ ಕುಸಿತ. ಅಲ್ಲಿ ಕಡ್ಡಿಗಳು ಮುರಿದಿವೆ. ಶಾಖ ಮತ್ತು ತೇವ ಎರಡೂ ಈ ಕುಸಿತವನ್ನು ಬೇಗ ತರುತ್ತವೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಅದೇ ಕುಷನ್ ಇನ್ನಷ್ಟು ಮೆತ್ತಗಾದಂತೆ ಅನಿಸುವುದು ಭ್ರಮೆಯಲ್ಲ. ಪ್ರಯೋಗಾಲಯಗಳಲ್ಲಿ ಫೋಮಿನ ತಾಳಿಕೆಯನ್ನು ಅಳೆಯುವ ಒಂದು ವಿಧಾನವೂ ಇದನ್ನೇ ಆಧರಿಸಿದೆ: ತುಂಡನ್ನು ಅರ್ಧ ದಪ್ಪಕ್ಕೆ ಒತ್ತಿ ಹಿಡಿದು, 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 22 ಗಂಟೆ ಇಟ್ಟು, ಬಿಡಿಸಿದ ಅರ್ಧ ಗಂಟೆಯ ಬಳಿಕ ಎಷ್ಟು ದಪ್ಪ ಕಳೆದುಹೋಯಿತು ಎಂದು ಅಳೆಯುತ್ತಾರೆ.

ಮನೆಯಲ್ಲಿ ಇದರ ಸರಳ ರೂಪ ಮಾಡಬಹುದು. ಕುಷನ್ನಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಡಿ. ನಡುವಿನ ತಗ್ಗಿಗೆ ಇನ್ನೊಂದು ಸ್ಕೇಲನ್ನು ನೇರವಾಗಿ ಇಳಿಸಿ ಆಳ ಅಳೆಯಿರಿ. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಯಾರೂ ಕೂರುವ ಮೊದಲು ಒಮ್ಮೆ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಾತ್ರಿ 3 ಸೆಂಟಿಮೀಟರ್, ಬೆಳಿಗ್ಗೆ 1 ಸೆಂಟಿಮೀಟರ್ ಇದ್ದರೆ 2 ದಣಿವಿನದು, 1 ಮುರಿತದ್ದು. ದಣಿವು ಹೆಚ್ಚಿದ್ದರೆ ಕುಷನ್ನನ್ನು ವಾರಕ್ಕೊಮ್ಮೆ ಮಗುಚಿ, ಸೀಟಿನಿಂದ ಸೀಟಿಗೆ ಬದಲಿಸಿ ಇನ್ನೂ ಸಾಕಷ್ಟು ದಿನ ಬಳಸಬಹುದು. ಮುರಿತ ಹೆಚ್ಚಿದ್ದರೆ ಒಳಗಿನ ಫೋಮ್ ಬದಲಿಸುವುದೇ ದಾರಿ.

ಅಜ್ಜಿಯ ಬಿಸಿಲು ಎಲ್ಲಕ್ಕೂ ಅಲ್ಲ

ಇಲ್ಲೊಂದು ಎಚ್ಚರಿಕೆ. ಹಾಸಿಗೆ ಜಡ್ಡುಗಟ್ಟಿದರೆ ಬಿಸಿಲಿಗೆ ಹಾಕು ಎಂಬುದು ನಮ್ಮ ಅಜ್ಜಿಯರ ಕಾಲದ ಮಾತು. ಹತ್ತಿಯ ಹಾಸಿಗೆಗೆ ಅದು ನೂರಕ್ಕೆ ನೂರು ಸರಿ. ಹತ್ತಿ ಬೆವರಿನ ತೇವವನ್ನು ಹೀರಿಕೊಂಡು ಗಂಟುಕಟ್ಟುತ್ತದೆ; ಬಿಸಿಲಿಗೆ ತೇವ ಆರಿ, ಕೋಲಿನಿಂದ ಬಡಿದಾಗ ಎಳೆಗಳು ಬಿಡಿಸಿಕೊಳ್ಳುತ್ತವೆ. ಅದೂ ಸಾಲದಾದಾಗ ಪಿಂಜಾರರು ಬರುತ್ತಿದ್ದರು. ಅವರನ್ನು ನದಾಫರು ಎಂದೂ ಕರೆಯುತ್ತಾರೆ. ಹಾಸಿಗೆ ಬಿಚ್ಚಿ, ಅಂಗಳದಲ್ಲಿ ಹತ್ತಿಯ ಗುಡ್ಡೆ ಹಾಕಿ, ಉದ್ದನೆಯ ಬಿಲ್ಲಿನ ನಾಣನ್ನು ಮೀಟುತ್ತ ಹಿಂಜುತ್ತಿದ್ದರು. ಆ ನಾಣಿನ ಸದ್ದು ಕೇಳಿ ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದರು. ಸಂಜೆಯ ಹೊತ್ತಿಗೆ ಅದೇ ಹತ್ತಿ ಮತ್ತೆ ಹಾಸಿಗೆಯಾಗಿ ಉಬ್ಬಿ ನಿಲ್ಲುತ್ತಿತ್ತು. ಅವರು ಹೊಸದಾಗಿ ಏನನ್ನೂ ಸೇರಿಸುತ್ತಿರಲಿಲ್ಲ. ಕಳೆದುಹೋದ ಗಾಳಿಯನ್ನು ಮರಳಿ ತುಂಬುತ್ತಿದ್ದರು ಅಷ್ಟೆ. ಬೂರುಗದ ಹತ್ತಿಯ ದಿಂಬಿನ ಮೆತ್ತಗೂ ಗಾಳಿಯದೇ. ಅದರ ಎಳೆಗಳು ಒಳಗೆ ಪೊಳ್ಳು, ಮೇಲೆ ಮೇಣದಂಥ ಲೇಪ.

ಫೋಮಿಗೆ ಈ ವಿದ್ಯೆ ನಡೆಯದು. ಹತ್ತಿ ಜಡ್ಡುಗಟ್ಟುತ್ತದೆ, ಫೋಮ್ ಮುರಿಯುತ್ತದೆ. ಜಡ್ಡನ್ನು ಬಿಡಿಸಬಹುದು, ಮುರಿದ ಕಡ್ಡಿಯನ್ನು ಯಾವ ಬಿಲ್ಲೂ ಜೋಡಿಸದು. ಬಿಸಿಲಿಗೆ ಹಾಕಿದರಂತೂ ಕೆಡುಕೇ ಹೆಚ್ಚು. ಸೂರ್ಯನ ಅತಿನೇರಳೆ ಕಿರಣಗಳು ಪಾಲಿಯುರಿಥೇನನ್ನು ಹಳದಿಗಟ್ಟಿಸಿ, ಕ್ರಮೇಣ ಮುಟ್ಟಿದರೆ ಪುಡಿಯಾಗುವಂತೆ ಮಾಡುತ್ತವೆ. ರಬ್ಬರ್ ಹಾಲಿನ ಫೋಮಿಗೂ ನೇರ ಬಿಸಿಲು ಆಗದು. ಹಾಗಾಗಿ ಹೊದಿಕೆಯನ್ನು ಕಳಚಿ ಒಗೆದು ಬಿಸಿಲಿಗೆ ಹಾಕಿ. ಒಳಗಿನ ಫೋಮನ್ನು ನೆರಳಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸಿ. ಫೋಮನ್ನು ನೀರಿನಲ್ಲಿ ಅದ್ದಿ ಹಿಂಡುವುದೂ ಬೇಡ. ಒಳಗಿನ ತೇವ ಆರಲು ದಿನಗಟ್ಟಲೆ ಹಿಡಿದು ಬೂಷ್ಟು ಬರುತ್ತದೆ. ಆವಿ ಹಿಡಿದರೆ ಉಬ್ಬುತ್ತದೆ ಎಂದು ಹೇಳುವವರಿದ್ದಾರೆ. ಉಬ್ಬುವುದು ನಿಜ, ಆದರೆ ಆ ಉಬ್ಬು ಹೆಚ್ಚು ದಿನ ಬಾಳುವುದಿಲ್ಲ.

ಒರಗು ದಿಂಬುಗಳಲ್ಲಿ ಸಾಮಾನ್ಯವಾಗಿ ತುಂಬುವ ಪಾಲಿಯೆಸ್ಟರ್ ನಾರಿನ ಸ್ವಭಾವ ಹತ್ತಿಯದಕ್ಕೆ ಹತ್ತಿರ. ಜಿಪ್ಪು ತೆಗೆದು, ಗಂಟಾದ ನಾರನ್ನು ಕೈಯಿಂದ ಬಿಡಿಸಿ, ಒಂದಿಷ್ಟು ಹೊಸ ನಾರು ಸೇರಿಸಿದರೆ ಸಾಕು. ಇದು ಮಕ್ಕಳೇ ಮಾಡಬಹುದಾದ ಕೆಲಸ.

ಕೊಳ್ಳುವಾಗ ತಕ್ಕಡಿ ಇರಲಿ

ಹೊಸ ಫೋಮ್ ಹಾಕಿಸುವುದೆಂದು ತೀರ್ಮಾನವಾಯಿತು ಎನ್ನಿ. ಅಂಗಡಿಯಲ್ಲಿ ನಾವು ಮಾಡುವ ಪರೀಕ್ಷೆ ಒಂದೇ: ಹೆಬ್ಬೆರಳಿನಿಂದ ಒತ್ತಿ ‘ಮೆತ್ತಗಿದೆ’ ಎನ್ನುವುದು. ಇಲ್ಲೇ ಹೆಚ್ಚಿನವರು ಸೋಲುವುದು. ಮೆತ್ತಗಿರುವುದು ಬೇರೆ, ತಾಳುವುದು ಬೇರೆ. ಫೋಮಿಗೆ ಎರಡು ಅಳತೆಗಳಿವೆ. ಒಂದು ಗಡಸುತನ: ದಪ್ಪದ ಕಾಲು ಭಾಗದಷ್ಟು ತಗ್ಗಿಸಲು ಎಷ್ಟು ಬಲ ಬೇಕು ಎಂಬುದು. ಇನ್ನೊಂದು ಸಾಂದ್ರತೆ: ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದು. ಅಂಗಡಿಯವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದು ಈ ಎರಡನೆಯದನ್ನು. ಒಂದೇ ಸಾಂದ್ರತೆಯಲ್ಲಿ ಮೆತ್ತನೆಯದೂ ಗಟ್ಟಿಯಾದದ್ದೂ ಸಿಗುತ್ತದೆ. ಹೆಬ್ಬೆರಳು ಗಡಸುತನವನ್ನು ಮಾತ್ರ ಹೇಳೀತು. ಕುಷನ್ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ಹೇಳುವುದು ಸಾಂದ್ರತೆ. ಕೂರುವ ಸೀಟಿಗೆ 32ರಿಂದ 40ರವರೆಗಿನದು ವಾಸಿ. ಬೆನ್ನಿಗೆ ಒರಗುವ ಭಾಗಕ್ಕೆ ಭಾರ ಕಡಿಮೆ ಬೀಳುವುದರಿಂದ ಇಪ್ಪತ್ತರ ಆಸುಪಾಸಿನದೂ ನಡೆಯುತ್ತದೆ.

ಕೊಟ್ಟದ್ದು 32 ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಏಳನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ ಇದು. ಹೊದಿಕೆಯಿಲ್ಲದ ಫೋಮಿನ ಉದ್ದ, ಅಗಲ, ದಪ್ಪವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 1000ದಿಂದ ಭಾಗಿಸಿ, ಲೀಟರ್ ಸಿಗುತ್ತದೆ. ಫೋಮನ್ನು ಗ್ರಾಮಿನಲ್ಲಿ ತೂಗಿ. ಗ್ರಾಮನ್ನು ಲೀಟರಿನಿಂದ ಭಾಗಿಸಿ. ಬಂದ ಉತ್ತರವೇ ಸಾಂದ್ರತೆ. ನಮ್ಮ 36 ಲೀಟರಿನ ಕುಷನ್ 1,440 ಗ್ರಾಂ ಇದ್ದರೆ 40; 1,152 ಗ್ರಾಂ ಇದ್ದರೆ 32; ಬರೀ 720 ಗ್ರಾಂ ಇದ್ದರೆ 20. ತರಕಾರಿ ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ನೋಡುವ ನಾವು, ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾದ ಫೋಮನ್ನು ತೂಗದೆ ತರುತ್ತೇವೆ. ಮನೆಯ ಹಳೆಯ ಕುಷನ್ನನ್ನೂ ಹೀಗೆ ತೂಗಿ ನೋಡಬಹುದು. ದಪ್ಪವನ್ನು ಮಾತ್ರ ತಗ್ಗಿಲ್ಲದ ಅಂಚಿನಲ್ಲಿ ಅಳೆಯಬೇಕು. ಉತ್ತರ ಇಪ್ಪತ್ತರ ಸುತ್ತ ಬಂದರೆ, ಆ ಕುಷನ್ ಬೇಗ ಕುಳಿ ಬಿದ್ದದ್ದಕ್ಕೆ ಮಕ್ಕಳ ಕುಣಿತವೊಂದೇ ಕಾರಣವಲ್ಲ ಎಂದು ಗೊತ್ತಾಗುತ್ತದೆ.

ಒಂದು ವಿನಾಯಿತಿಯನ್ನು ನೆನಪಿಡಿ. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ‘ರೀಬಾಂಡೆಡ್’ ಎಂಬ ಬಗೆಯಿದೆ. ಬಣ್ಣ ಬಣ್ಣದ ಚುಕ್ಕಿಗಳಿಂದ ಅದನ್ನು ಗುರುತಿಸಬಹುದು. ಅದರ ಸಾಂದ್ರತೆ ಸಹಜವಾಗಿಯೇ ಹೆಚ್ಚು. ಗಟ್ಟಿಯಾಗಿರುವುದರಿಂದ ಅಡಿಯ ಪದರಕ್ಕೆ ಚೆನ್ನ. ಆದರೆ ಅದರ ಸಂಖ್ಯೆಯನ್ನು ಮಾಮೂಲಿ ಫೋಮಿನ ಸಂಖ್ಯೆಯ ಜತೆ ಹೋಲಿಸಬಾರದು.

ಎಲ್ಲಿಂದ ಶುರು ಮಾಡುವುದು?

ಖರ್ಚು ಕಡಿಮೆಯಿರುವುದರಿಂದ ಆರಂಭಿಸಿ ಮೇಲಕ್ಕೆ ಹೋಗುವುದು ಜಾಣತನ. ಪೈಸೆ ಖರ್ಚಿಲ್ಲದ ಮೊದಲ ಉಪಾಯ, ಆಗಲೇ ಹೇಳಿದಂತೆ, ಮಗುಚಿ ಹಾಕುವುದು ಮತ್ತು ಜಾಗ ಬದಲಿಸುವುದು. ಎರಡನೆಯದು ಕುಷನ್ನಿನ ಅಡಿಗೆ ಒಂದು ಗಟ್ಟಿ ಪದರ ಕೊಡುವುದು. ಇದಕ್ಕೆ ನಮ್ಮ ಉತ್ತರ ಕರ್ನಾಟಕದ ಕೌದಿಗಿಂತ ಒಳ್ಳೆಯದು ಸಿಗಲಾರದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಒತ್ತಾಗಿ ಹೊಲಿದ ಕೌದಿ ಜಾರುವುದಿಲ್ಲ, ಗಂಟುಕಟ್ಟುವುದಿಲ್ಲ. ಸೀಟಿನ ಅಳತೆಗೆ ಮಡಿಸಿ ಕುಷನ್ನಿನ ಕೆಳಗೆ ಹಾಸಿದರೆ ಕಳೆದುಹೋದ ಎತ್ತರ ಸ್ವಲ್ಪ ಮರಳುತ್ತದೆ. ಕುಷನ್ನಿನ ಮೇಲೆ ಹಾಸಬೇಡಿ. ಕುಳಿಯ ಮೇಲೆ ಹಾಸಿದ್ದು ಕುಳಿಯ ಆಕಾರವನ್ನೇ ತಾಳುತ್ತದೆ.

ಮೂರನೆಯದು ಹಾಸಿನ ರಿಪೇರಿ. ಸಡಿಲವಾದ ಪಟ್ಟಿಗಳನ್ನು ಬಿಗಿದು ಹೊಡೆಸುವುದು, ಕಳಚಿದ ಸ್ಪ್ರಿಂಗಿಗೆ ಹೊಸ ಕೊಂಡಿ ಹಾಕಿಸುವುದು. ಇದಕ್ಕೆ ದೊಡ್ಡ ಫರ್ನಿಚರ್ ಮಳಿಗೆಯೇ ಬೇಕಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುವವರು ಸಿಗುತ್ತಾರೆ. ದಿನವಿಡೀ ಗುಂಡಿ ರಸ್ತೆಯಲ್ಲಿ ಕುಲುಕುವ ಸೀಟನ್ನು ಬಾಳಿಸುವವರಿಗೆ ನಿಮ್ಮ ಸೋಫಾ ದೊಡ್ಡದಲ್ಲ. ರಿಪೇರಿ ಆಗುವತನಕ ತಾತ್ಕಾಲಿಕವಾಗಿ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯನ್ನು, ಎರಡೂ ಕಡೆಯ ಚೌಕಟ್ಟಿನ ಮೇಲೆ ಕೂರುವಂತೆ ಕತ್ತರಿಸಿ ಕುಷನ್ನಿನ ಕೆಳಗೆ ಇಡಬಹುದು. ಅದನ್ನೇ ಖಾಯಂ ಮಾಡಿದರೆ ಸ್ಪ್ರಿಂಗಿನ ಪಾಲಿನ ಕೆಲಸವೂ ಫೋಮಿನ ಮೇಲೆ ಬಿದ್ದು ಅದು ಬೇಗ ಸೋಲುತ್ತದೆ.

ನಾಲ್ಕನೆಯದು ಫೋಮ್ ಬದಲಾವಣೆ. ಹೊದಿಕೆ ಚೆನ್ನಾಗಿದ್ದರೆ ಅದನ್ನು ಬದಲಿಸಬೇಕಿಲ್ಲ. ಫೋಮನ್ನು ಹೊದಿಕೆಯ ಅಳತೆಗಿಂತ ಅರ್ಧ ಇಂಚು ಹೆಚ್ಚಿಗೆ ಕತ್ತರಿಸಲು ಹೇಳಿ. ತುಂಬಿದಾಗ ಬಟ್ಟೆ ಬಿಗಿಯಾಗಿ ಸುಕ್ಕಿಲ್ಲದೆ ಕೂರುತ್ತದೆ. ಮೇಲೊಂದು ತೆಳು ಪಾಲಿಯೆಸ್ಟರ್ ಹಾಳೆ ಸುತ್ತಿದರೆ ಮೂಲೆಗಳೂ ತುಂಬುತ್ತವೆ. ಇಷ್ಟೆಲ್ಲ ಆದರೂ ಚೌಕಟ್ಟೇ ಕುಂಬಾಗಿದ್ದರೆ ಮಾತ್ರ ಹೊಸ ಸೋಫಾದ ಮಾತು.

ತೆಗೆದ ಹಳೆಯ ಫೋಮನ್ನು ಏನು ಮಾಡುವುದು? ಗಟ್ಟಿಯಿರುವ ಅಂಚಿನ ಭಾಗಗಳನ್ನು ಕತ್ತರಿಸಿದರೆ ಮೊಣಕಾಲೂರುವ ಮೆತ್ತೆ, ಪ್ಲಾಸ್ಟಿಕ್ ಕುರ್ಚಿಯ ಸೀಟು ಆಗುತ್ತದೆ. ಚೂರನ್ನು ಗುಜರಿಯವರು ಒಯ್ದರೆ ರೀಬಾಂಡೆಡ್ ತಯಾರಿಕೆಗೆ ಹೋದೀತು. ಆದರೆ ಎಲೆ ಕಸದ ಜತೆ ಸೇರಿಸಿ ಸುಡುವುದು ಮಾತ್ರ ಎಂದೂ ಬೇಡ. ಪಾಲಿಯುರಿಥೇನ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಜತೆಗೆ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷವೂ ಹೊರಡುತ್ತದೆ. 1979ರ ಮೇ 8ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೂಲ್‌ವರ್ತ್ಸ್ ಮಳಿಗೆಯಲ್ಲಿ ಫೋಮ್ ತುಂಬಿದ ಪೀಠೋಪಕರಣಗಳಿಗೆ ಬೆಂಕಿ ಬಿದ್ದು 10 ಮಂದಿ ಸತ್ತರು. ಇಂಥ ದುರಂತಗಳ ಬಳಿಕ ಬ್ರಿಟನ್ 1988ರಲ್ಲಿ ಪೀಠೋಪಕರಣಗಳಿಗೆ ಕಟ್ಟುನಿಟ್ಟಿನ ಅಗ್ನಿ ಸುರಕ್ಷಾ ನಿಯಮಗಳನ್ನು ತಂದಿತು. ಸೋಫಾದ ಪಕ್ಕ ಊದುಬತ್ತಿ, ಸೊಳ್ಳೆಬತ್ತಿ ಹಚ್ಚಿಡುವ ಮನೆಗಳು ಈ ಮಾತನ್ನು ನೆನಪಿಡಲಿ.

ಓದುವವರ ಬೆನ್ನು

ಕೊನೆಯದಾಗಿ ಆ ಮೂಲೆಯ ಸೀಟಿನ ಹುಡುಗಿಯ ವಿಷಯ. ಸೊಂಟ ಮೊಣಕಾಲಿಗಿಂತ ಕೆಳಗಿಳಿದಾಗ ಕಟಿಯ ಮೂಳೆ ಹಿಂದಕ್ಕೆ ವಾಲುತ್ತದೆ. ಬೆನ್ನಿನ ಕೆಳಭಾಗದ ಸಹಜವಾದ ಒಳಬಾಗು ಅಳಿಸಿ, ಇಡೀ ಬೆನ್ನು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಪುಸ್ತಕ ತೊಡೆಯ ಮೇಲಿದ್ದರೆ ಕತ್ತೂ ಮುಂದಕ್ಕೆ. ಹತ್ತು ನಿಮಿಷ ಹೀಗೆ ಕೂತರೆ ಏನೂ ಆಗದು. ದಿನಕ್ಕೆ ಮೂರು ಗಂಟೆಯಂತೆ ಪರೀಕ್ಷೆಯ ತಿಂಗಳುಗಳಲ್ಲಿ ಕೂತರೆ ಸ್ನಾಯುಗಳು ದಣಿಯುತ್ತವೆ, ನೋಯುತ್ತವೆ. ಓದಿನ ಮೇಲಿನ ಗಮನ ನೋವಿನ ಮೇಲೆ ಹೋಗುತ್ತದೆ. ಇದಕ್ಕೆ ಮಗುವನ್ನು ಸೋಮಾರಿ ಎಂದು ಗದರಿಸುವ ಮುನ್ನ ಒಮ್ಮೆ ನೀವೇ ಅರ್ಧ ಗಂಟೆ ಆ ಸೀಟಿನಲ್ಲಿ ಕೂತು ಪತ್ರಿಕೆ ಓದಿ ನೋಡಿ.

ನಿಯಮ ಸರಳ. ಕೂತಾಗ ಪಾದ ನೆಲಕ್ಕೆ ತಾಗಬೇಕು, ಸೊಂಟ ಮೊಣಕಾಲಿನ ಮಟ್ಟದಲ್ಲಿ ಅಥವಾ ತುಸು ಮೇಲಿರಬೇಕು. ಅಪ್ಪನಿಗೆ ಸರಿಯಾದ ಸೋಫಾ ಹನ್ನೆರಡು ವರ್ಷದ ಮಗುವಿಗೆ ಸರಿಯಾಗಲಾರದು. ಅದಕ್ಕೆ ಬೆನ್ನ ಹಿಂದೊಂದು ದಿಂಬು, ಕಾಲ ಕೆಳಗೊಂದು ಮಣೆ ಬೇಕಾದೀತು. ಸೋಫಾವನ್ನು ಎಷ್ಟೇ ರಿಪೇರಿ ಮಾಡಿದರೂ ಬರೆಯುವ ಕೆಲಸಕ್ಕೆ ಮೇಜು-ಕುರ್ಚಿಯೇ ಮೇಲು. ಅದಿಲ್ಲದ ಮನೆಯಲ್ಲಿ ಗೋಡೆಗೊರಗಿ ಚಾಪೆಯ ಮೇಲೆ ಕೂತು, ಎದುರಿಗೆ ಇಳಿಜಾರಿನ ಬರೆಯುವ ಮಣೆ ಇಟ್ಟುಕೊಂಡರೂ ಕುಳಿ ಬಿದ್ದ ಸೋಫಾಕ್ಕಿಂತ ವಾಸಿ. ಎಲ್ಲಿ ಕೂತರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದನ್ನು ಮಾತ್ರ ಮರೆಯಬಾರದು. ನೋವು ವಾರಗಟ್ಟಲೆ ಉಳಿದರೆ, ಕಾಲಿಗೆ ಇಳಿದರೆ, ಜುಮುಗುಟ್ಟಿದರೆ ಕುಷನ್ನಿನ ಚಿಂತೆ ಬಿಟ್ಟು ವೈದ್ಯರ ಬಳಿ ಹೋಗಬೇಕು.

ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಪ್ಪ ಕುಷನ್ ಎತ್ತಲಿ, ಅಮ್ಮ ಟಾರ್ಚ್ ಹಿಡಿಯಲಿ, ಮಕ್ಕಳು ಅಳೆದು ತೂಗಿ ಲೆಕ್ಕ ಬರೆಯಲಿ. ಸೋತದ್ದು ಚೌಕಟ್ಟೋ ಹಾಸೋ ಫೋಮೋ ಎಂಬುದು ಊಟದ ಹೊತ್ತಿಗೆ ಗೊತ್ತಾಗಿರುತ್ತದೆ. ಆಮೇಲೆ ಅಂಗಡಿಗೆ ಹೋಗುವಾಗ ಆ ನೋಟ್‌ಬುಕ್ಕನ್ನೂ, ಅದನ್ನು ಬರೆದವರನ್ನೂ ಜತೆಗೆ ಕರೆದೊಯ್ಯಿರಿ. ಬೆಲೆ ಮಾತಾಡುವುದು ನಿಮಗಿರಲಿ, ಸಾಂದ್ರತೆ ಕೇಳುವುದು ಅವರಿಗಿರಲಿ.